ಹಾಯಿದೋಣಿಗೆ ಹೊಸ ಚುಕ್ಕಾಣಿ: ಬಾಗಲಕೋಟೆ ಹಿನ್ನೀರಿನ ಎಂಟು ತಿಂಗಳ ಕೆಲಸ

ಜನವರಿ 15ರ ಸಂಜೆ ನನ್ನ ದೋಣಿಯ ಚುಕ್ಕಾಣಿ ಮುರಿಯಿತು. ಹೊಸದು ನನ್ನ ಮನಸ್ಸಿಗೆ ಒಪ್ಪುವ ಹಾಗೆ ಕೆಲಸ ಮಾಡಿದ್ದು ಸೆಪ್ಟೆಂಬರ್ 21ಕ್ಕೆ. ನಡುವೆ ಏನೇನು ಮಾಡಿದೆ, ಎಲ್ಲಿ ತಪ್ಪಿದೆ, ಎಷ್ಟು ಖರ್ಚಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಕಡೆ ಹಾಯಿದೋಣಿ ಇಟ್ಟುಕೊಂಡವರು ಕಡಿಮೆ. ಕೆಲಸ ಕೈಗೆತ್ತಿಕೊಂಡಾಗ ಕನ್ನಡದಲ್ಲಿ ಇಂಥದ್ದು ಓದಲು ಸಿಕ್ಕಿದ್ದರೆ ನನಗೆ ಎರಡು ತಿಂಗಳು ಉಳಿಯುತ್ತಿತ್ತು.

ದೋಣಿ 15 ಅಡಿ ಉದ್ದದ್ದು, ಫೈಬರ್. ಗೋವಾದಲ್ಲಿ ಹಳೆಯದು ಕೊಂಡು ತಂದದ್ದು. ಟ್ರೇಲರ್ ಮೇಲೆ ಕೂರಿಸಿ ಬೊಲೆರೊಗೆ ಕಟ್ಟಿದರೆ ಬಾಗಲಕೋಟೆ ನವನಗರದ ಮನೆಯಿಂದ ಹಿನ್ನೀರಿಗೆ ಸುಲಭವಾಗಿ ಬರುತ್ತದೆ. ಇಬ್ಬರು ಸೇರಿ ನೀರಿಗೆ ಇಳಿಸಬಹುದು.

ಮೊದಲು ಹೆಸರುಗಳು. ಚುಕ್ಕಾಣಿಯಲ್ಲಿ ನೀರೊಳಗೆ ಇರುವ ಭಾಗಕ್ಕೆ ಅಲಗು ಅನ್ನುತ್ತೇನೆ. ಅಲಗನ್ನು ಹಿಡಿದುಕೊಳ್ಳುವ ಮೇಲಿನ ಭಾಗ ತಲೆ. ತಲೆಯ ಎರಡು ಬದಿಯ ಹಲಗೆ ಕೆನ್ನೆ. ಕೈಯಲ್ಲಿ ಹಿಡಿಯುವ ಉದ್ದ ಕೋಲು ಹಿಡಿಕೆ. ಚುಕ್ಕಾಣಿ ದೋಣಿಯ ಹಿಂಬದಿ ಹಲಗೆಗೆ ಬಾಗಿಲಿನ ಬಿಜಾಗರಿಯ ಹಾಗೆ ಕೂರುತ್ತದೆ. ಚುಕ್ಕಾಣಿ ಕಡೆ ಗೂಟ, ದೋಣಿ ಕಡೆ ಬಳೆ. ಮೇಲೊಂದು ಜೋಡಿ, ಕೆಳಗೊಂದು ಜೋಡಿ.

ಜನವರಿ 15: ಮುರಿದದ್ದು

ಸಂಕ್ರಾಂತಿಯ ಮರುದಿನ, ಕರಿ. ನಾನು ಮತ್ತು ನನ್ನ ಅಕ್ಕನ ಮಗ ಇಬ್ಬರೇ ದೋಣಿಯಲ್ಲಿದ್ದೆವು. ಹಳೇ ಊರಿನ ಕಡೆಯ ದಂಡೆಗೆ ಹತ್ತಿರ ಬರುತ್ತಿದ್ದೆವು. ಗಾಳಿ ಹಿತವಾಗಿತ್ತು, ದೋಣಿ ಚೆನ್ನಾಗಿ ಓಡುತ್ತಿತ್ತು.

ನಮ್ಮ ಹಿನ್ನೀರು ಆಲಮಟ್ಟಿ ಜಲಾಶಯದ್ದು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಮಳೆಗಾಲದಲ್ಲಿ ಅಷ್ಟು ತುಂಬಿದಾಗ ಈ ಜಾಗದಲ್ಲಿ ಏನೂ ತಾಗುವುದಿಲ್ಲ. ಜನವರಿ ಹೊತ್ತಿಗೆ ನೀರು ಇಳಿಯುತ್ತಾ ಇರುತ್ತದೆ. ಮುಳುಗಡೆಯಾದ ಮನೆಗಳ ಗೋಡೆ, ಜಾಲಿ ಮರದ ಬುಡ, ಹೊಲದ ಬದು ಒಂದೊಂದಾಗಿ ತಲೆ ಎತ್ತುತ್ತವೆ. ತಲೆ ಎತ್ತುವ ಮುಂಚೆ ಕೆಲವು ವಾರ ನೀರಿನ ಒಂದೆರಡು ಅಡಿ ಕೆಳಗೇ ಇರುತ್ತವೆ. ಆ ವಾರಗಳೇ ಅಪಾಯದ್ದು. ಕಣ್ಣಿಗೆ ಬರೀ ನೀರು ಕಾಣುತ್ತದೆ.

‘ಧಡ್’ ಅಂತ ಒಂದೇ ಸದ್ದು. ಹಿಡಿಕೆ ನನ್ನ ಕೈ ಬಿಟ್ಟು ಮೇಲಕ್ಕೆ ಹಾರಿತು. ಹುಡುಗ ಕೂಗಿದ: “ಮಾಮಾ, ಹಿಂದ ಏನೋ ಕಿತ್ತು ಬಂತು ನೋಡ್ರಿ!”

ಕೆಳಗಿನ ಬಳೆ ತನ್ನ ನಾಲ್ಕೂ ಬೋಲ್ಟು ಸಮೇತ ಕಿತ್ತು ಬಂದಿತ್ತು. ಜೊತೆಗೆ ಹಿಂಬದಿ ಹಲಗೆಯ ಅಂಗೈ ಅಗಲದ ಚೂರೂ ಬಂದಿತ್ತು. ಅಲಗು ನಡುವೆ ಅಡ್ಡಕ್ಕೆ ಸೀಳಿತ್ತು. ಹಾಯಿ ಇಳಿಸಿ, ಹುಟ್ಟು ಹಾಕಿ ದಂಡೆ ಸೇರಿದೆವು. ಇಬ್ಬರೂ ಲೈಫ್ ಜಾಕೆಟ್ ಹಾಕಿದ್ದೆವು.

ಸೆಂಟರ್‌ಬೋರ್ಡ್, ಅಂದರೆ ಹೊಟ್ಟೆಯಡಿಯ ಹಲಗೆ, ಅವತ್ತು ಮೇಲೆತ್ತೇ ಇತ್ತು. ಚುಕ್ಕಾಣಿ ಮಾತ್ರ ಒಂದೇ ತುಂಡಿನದ್ದು, ಮೇಲೆತ್ತಲು ಬರುತ್ತಿರಲಿಲ್ಲ. ನೀರೊಳಗೆ 70 ಸೆಂ.ಮೀ. ಇಳಿದಿತ್ತು. ಅಂದರೆ ದೋಣಿಯಲ್ಲಿ ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು, ಎಲ್ಲಕ್ಕಿಂತ ಮೊದಲು ತಾಗುವಂಥದ್ದು ಅದೇ. ಇದನ್ನು ನಾನು ಕೊಳ್ಳುವಾಗಲೇ ನೋಡಬೇಕಿತ್ತು.

ಜನವರಿ 19: ಹಿಂಬದಿ ಹಲಗೆ

ಮುರಿದ ಜಾಗ ಬಿಡಿಸಿ ನೋಡಿದರೆ ಒಳಗಿನ ಪ್ಲೈವುಡ್ ಕಪ್ಪಾಗಿತ್ತು. ಬೆರಳಲ್ಲಿ ಒತ್ತಿದರೆ ನೆನೆದ ಅವಲಕ್ಕಿಯ ಹಾಗೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಬೋಲ್ಟಿನ ತೂತಿನಿಂದ ವರ್ಷಗಟ್ಟಲೆ ನೀರು ಇಳಿದಿದೆ. ಗೋಡೆ ತಾಗದಿದ್ದರೂ ಒಂದಲ್ಲ ಒಂದು ದಿನ ಕಿತ್ತು ಬರುತ್ತಿತ್ತು.

ಕೊಳೆತದ್ದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದೆ. ಒಣಗಲು ಮೂರು ವಾರ ಬಿಟ್ಟೆ. ಆಮೇಲೆ ಐಎಸ್ 710 ಮುದ್ರೆಯ ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್ ತುಂಡು ಕೂರಿಸಿ ಎಪಾಕ್ಸಿ (ಹಾರ್ಡನರ್ ಕಲಸಿದರೆ ಗಟ್ಟಿಯಾಗುವ ಅಂಟು) ಹಾಕಿದೆ. 12 ಮಿ.ಮೀ. ಪ್ಲೈ ತುಂಡಿಗೆ ₹900 ಆಯಿತು. ಉಳಿದದ್ದು ಮುಂದೆ ಕೆನ್ನೆ ಹಲಗೆಗೆ ಬಂತು.

ಬೋಲ್ಟಿನ ತೂತು ಮಾಡುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 8 ಮಿ.ಮೀ. ಬೋಲ್ಟಿಗೆ ನೇರ 8ರ ತೂತು ಹೊಡೆಯಬಾರದು. ಮೊದಲು 14ರ ತೂತು ಹೊಡೆದೆ. ಅದಕ್ಕೆ ದಪ್ಪ ಮಾಡಿದ ಎಪಾಕ್ಸಿ ಪೂರ್ತಿ ತುಂಬಿ ಗಟ್ಟಿಯಾಗಲು ಬಿಟ್ಟೆ. ಆಮೇಲೆ ಅದರ ನಡುವೆ 8ರ ತೂತು. ಈಗ ಬೋಲ್ಟಿನ ಸುತ್ತ 3 ಮಿ.ಮೀ. ಎಪಾಕ್ಸಿ ಗೋಡೆ ಇದೆ. ಬೋಲ್ಟು ಸಡಿಲವಾಗಿ ನೀರು ಬಂದರೂ ಮರಕ್ಕೆ ತಲುಪುವುದಿಲ್ಲ. ಒಳಗಡೆ ಸುಮ್ನೆ ವಾಷರ್ ಹಾಕದೆ 5 ಮಿ.ಮೀ. ಸ್ಟೀಲ್ ಪಟ್ಟಿ ಕೊಟ್ಟೆ.

ಫೆಬ್ರವರಿ: ಯಾವ ಮಾದರಿ?

ಟ್ರೇಲರ್ ಮೇಲೆ ಸಾಗಿಸುವ ಸಣ್ಣ ದೋಣಿಗೆ ಚುಕ್ಕಾಣಿ ಹಲವು ಬಗೆ. ಒಂದೇ ತುಂಡಿನದ್ದು ಎಲ್ಲಕ್ಕಿಂತ ಗಟ್ಟಿ, ಸುಲಭ, ಅಗ್ಗ. ಆದರೆ ದಂಡೆಯಿಂದ ಇಳಿಸುವಾಗ ನೆಲಕ್ಕೆ ತಾಗುತ್ತದೆ. ಆಳದ ನೀರಿಗೆ ಹೋದ ಮೇಲೆ ಬಗ್ಗಿ ಸಿಕ್ಕಿಸಬೇಕು. ಎರಡನೆಯದು ಪೆಟ್ಟಿಗೆಯಲ್ಲಿ ಜಾರುವಂಥದ್ದು. ಅಲಗನ್ನು ನೇರ ಮೇಲಕ್ಕೆ ಎಳೆಯಬಹುದು, ಎಷ್ಟು ಎಳೆದರೂ ಹಿಡಿಕೆ ಹಗುರವೇ. ಆದರೆ ಗೋಡೆಗೆ ತಾಗಿದರೆ ಅದಕ್ಕೂ ಹಿಂದಕ್ಕೆ ಸರಿಯಲು ಜಾಗವಿಲ್ಲ. ಮೂರನೆಯದು ಹಿಂದಕ್ಕೆ ಮಡಚಿ ಏಳುವಂಥದ್ದು. ತಲೆಯಲ್ಲಿ ಒಂದು ದಪ್ಪ ಬೋಲ್ಟು, ಅದರ ಸುತ್ತ ಅಲಗು ತಿರುಗುತ್ತದೆ. ಏನಾದರೂ ತಾಗಿದರೆ ತಾನಾಗಿ ಹಿಂದಕ್ಕೆ ಎದ್ದು ಬಿಡುತ್ತದೆ. ಹಿಂಬದಿ ಬಹಳ ಅಗಲ ಇರುವ ದೋಣಿಗಳಿಗೆ ಜೋಡಿ ಚುಕ್ಕಾಣಿ ಇಡುತ್ತಾರೆ. ನನ್ನದಕ್ಕೆ ಅದು ಬೇಕಿಲ್ಲ.

ನೀರಿನ ಕೆಳಗೆ ಊರೇ ಇರುವ ಜಾಗದಲ್ಲಿ ಹಿಂದಕ್ಕೆ ಏಳುವುದು ಬಿಟ್ಟು ಬೇರೆ ಮಾತಿಲ್ಲ. ಅದಕ್ಕೇ ಮೂರನೆಯದನ್ನು ಆರಿಸಿಕೊಂಡೆ.

ಅಲಗಿಗೆ ಮೊದಲು ಮನೆಯಲ್ಲಿದ್ದ ಕಪಾಟಿನ ಪ್ಲೈವುಡ್ ಬಳಸೋಣ ಅಂದುಕೊಂಡೆ. ನಾಲ್ಕು ಇಂಚಿನ ತುಂಡು ಕತ್ತರಿಸಿ ಸ್ನಾನದ ಹಂಡೆಯಲ್ಲಿ ಕುದಿಸಿದೆ. ಒಂದು ಗಂಟೆಗೆ ಪದರು ಪದರು ಬಿಟ್ಟುಕೊಂಡಿತು. ಮರೈನ್ ಪ್ಲೈ ತುಂಡು ಅದೇ ಹಂಡೆಯಲ್ಲಿ ನಾಲ್ಕು ಗಂಟೆ ಕುದ್ದರೂ ಹಾಗೇ ಇತ್ತು. ಯಾವ ಪ್ಲೈ ಆದರೂ ಬರೀ ಮುದ್ರೆ ನೋಡಿ ನಂಬಬೇಡಿ, ಒಂದು ತುಂಡು ಕುದಿಸಿ ನೋಡಿ.

ಆದರೂ ಅಲಗಿಗೆ ಪ್ಲೈ ಬೇಡ ಅನಿಸಿತು. ಪ್ಲೈನಲ್ಲಿ ಅರ್ಧ ಪದರುಗಳ ನಾರು ಅಡ್ಡ ಓಡುತ್ತದೆ. ಅಲಗಿಗೆ ಬಲ ಬೇಕಾದದ್ದು ಉದ್ದಕ್ಕೆ. ಅಡ್ಡ ನಾರು ಆ ಕೆಲಸಕ್ಕೆ ಬರುವುದಿಲ್ಲ.

ಮಾರ್ಚ್ 2: ಅಜ್ಜನ ಮನೆಯ ತೊಲೆ

ಹಳೇ ಊರಿನಲ್ಲಿ ನಮ್ಮ ಅಜ್ಜನ ಮನೆ ಇತ್ತು. ಮುಳುಗಡೆಗೆ ಮನೆ ಬಿಡುವಾಗ ಅಪ್ಪ ಬಾಗಿಲು, ಚೌಕಟ್ಟು, ನಾಲ್ಕು ಸಾಗವಾನಿ ತೊಲೆ ಬಿಚ್ಚಿಸಿ ನವನಗರಕ್ಕೆ ತಂದಿದ್ದರು. ಒಂದು ತೊಲೆ ಇಷ್ಟು ವರ್ಷ ಮಾಳಿಗೆಯ ಮೇಲೆ ತಗಡಿನ ಕೆಳಗೆ ಬಿದ್ದಿತ್ತು. ಅಮ್ಮನನ್ನು ಕೇಳಿದೆ. “ಮನಿ ಅಂತೂ ನೀರಾಗ ಹೋತು. ತೊಲೆನೂ ನೀರಿಗೇ ಹೋಗಲಿ, ಒಯ್ಯಿ” ಅಂದರು. ಹೇಳಿದ ಮೇಲೆ ಸ್ವಲ್ಪ ಹೊತ್ತು ಆ ತೊಲೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಸಾ ಮಿಲ್ಲಿನಲ್ಲಿ ಸೀಳಿಸಲು ₹350. ಹೊರಗೆ ಹೊಗೆ ಹಿಡಿದು ಕರ್ರಗಿತ್ತು. ಒಳಗೆ ಸೀಳಿದಾಗ ಬೆಲ್ಲದ ಬಣ್ಣ, ಎಣ್ಣೆಯ ವಾಸನೆ. 35 ಮಿ.ಮೀ. ದಪ್ಪ, 42 ಮಿ.ಮೀ. ಅಗಲ, 1100 ಮಿ.ಮೀ. ಉದ್ದದ ಆರು ಪಟ್ಟಿ ಬಂದವು.

ಇಲ್ಲಿ ಒಂದು ತಪ್ಪು. ಹಳೇ ತೊಲೆಯಲ್ಲಿ ಮೊಳೆ ಇರುತ್ತದೆ ಅಂತ ಗೊತ್ತಿತ್ತು. ಕಣ್ಣಿಗೆ ಕಂಡವನ್ನು ಕಿತ್ತಿದ್ದೆ. ತಲೆ ಮುರಿದು ಒಳಗೇ ಉಳಿದ ಒಂದು ಕಾಣಲಿಲ್ಲ. ಬಡಿಗ ಕಾಕಾನ ರಂದದ ಅಲಗಿಗೆ ಅದು ತಾಗಿ ಅಂಚು ಹಾರಿ ಹೋಯಿತು. ಕಾಕಾ ಬೈಯಲಿಲ್ಲ. ಆದರೆ ಅವತ್ತು ಅವರ ಅರ್ಧ ದಿನ ಸಾಣೆ ಹಿಡಿಯುವುದರಲ್ಲೇ ಹೋಯಿತು. ಆಮೇಲೆ ಒಂದು ದಾರಕ್ಕೆ ಅಯಸ್ಕಾಂತ ಕಟ್ಟಿ ಪ್ರತಿ ಪಟ್ಟಿಯ ಮೇಲೂ ಆಡಿಸಿದೆ. ಇನ್ನೂ ಎರಡು ಸಿಕ್ಕವು.

ಪಟ್ಟಿ ಅಂಟಿಸುವಾಗ ಒಂದು ಬಿಟ್ಟು ಒಂದನ್ನು ತಿರುಗಿಸಿ ಇಟ್ಟೆ. ಎಲ್ಲದರ ಸುತ್ತು ಗೆರೆ (ಮರ ಬೆಳೆದ ಉಂಗುರ) ಒಂದೇ ಕಡೆ ಇದ್ದರೆ ಮುಂದೆ ಇಡೀ ಅಲಗು ಒಂದೇ ಕಡೆ ಬಾಗುತ್ತದೆ. ಸಾಗವಾನಿಯಲ್ಲಿ ಎಣ್ಣೆ ಇದೆ, ಅಂಟು ಹಿಡಿಯುವುದಿಲ್ಲ. ಹಾಗಾಗಿ ಅಂಟಿಸುವ ಹತ್ತು ನಿಮಿಷ ಮುಂಚೆ ಅಸಿಟೋನ್ ಬಟ್ಟೆಯಿಂದ ಒರೆಸಿದೆ. ಬಿಳಿ ಬಟ್ಟೆ ಹಳದಿ ಆಗುವುದು ನಿಲ್ಲುವವರೆಗೆ ಒರೆಸಬೇಕು. ಎಪಾಕ್ಸಿಗೆ ಜರಡಿ ಹಿಡಿದ ಮರದ ಹೊಟ್ಟು ಬೆರೆಸಿ ಗಟ್ಟಿ ಮಾಡಿ, ಆರು ಸಿ ಕ್ಲಾಂಪ್ ಹಾಕಿದೆ. ಕ್ಲಾಂಪ್ ಜಾಸ್ತಿ ಬಿಗಿ ಮಾಡಬಾರದು, ಅಂಟೆಲ್ಲ ಹೊರಗೆ ಬಂದು ಒಳಗೆ ಒಣಗಿ ಬಿಡುತ್ತದೆ.

ಮಾರ್ಚ್ 16ರಿಂದ 30: ಆಕಾರ

ಹಳೆಯ ಅಲಗು ಚಪ್ಪಟೆ ಹಲಗೆ, ಅಂಚು ಮಾತ್ರ ಉಜ್ಜಿದ್ದರು. ಹೊಸದಕ್ಕೆ ನಾಕಾ 0012 ಅನ್ನುವ ಆಕಾರ ಆರಿಸಿದೆ. ವಿಮಾನದ ರೆಕ್ಕೆಗಾಗಿ ಅಮೆರಿಕದಲ್ಲಿ ಮಾಡಿದ್ದು, ಎರಡೂ ಬದಿ ಒಂದೇ ಥರ ಉಬ್ಬು. ಕೊನೆಯ 12 ಅಂದರೆ ಅಗಲದ 100ಕ್ಕೆ 12 ಪಾಲು ದಪ್ಪ. ನನ್ನ ಅಲಗಿನ ಅಗಲ 250 ಮಿ.ಮೀ., ಹಾಗಾಗಿ ದಪ್ಪ 30.

ನಡುಗೆರೆಯಿಂದ ಒಂದು ಬದಿಗೆ ಎಷ್ಟು ಉಬ್ಬಿರಬೇಕು ಅಂತ ನಾನು ಗೋಡೆಯ ಮೇಲೆ ಬರೆದುಕೊಂಡದ್ದು ಇದು. ಮುಂದಿನ ಅಂಚಿನಿಂದ 12.5 ಮಿ.ಮೀ. ಹಿಂದೆ 8.9, 25ರಲ್ಲಿ 11.7, 50ರಲ್ಲಿ 14.3, 75ರಲ್ಲಿ 15, ಅಲ್ಲೇ ಎಲ್ಲಕ್ಕಿಂತ ದಪ್ಪ, 125ರಲ್ಲಿ 13.2, 175ರಲ್ಲಿ 9.2; 225ರಲ್ಲಿ 3.6. ಬೇರೆ ಅಗಲದ ಅಲಗು ಮಾಡುವವರು ಇದೇ ಅಂಕಿಗಳನ್ನು ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ತಗಡಿನಲ್ಲಿ ಈ ಆಕಾರದ ಅಚ್ಚು ಕತ್ತರಿಸಿದೆ. ಅಲಗಿನ ಮೇಲೆ ಪ್ರತಿ ಗೆರೆಯಲ್ಲೂ ಬೇಕಾದ ಆಳಕ್ಕೆ ಕರಗಸದಿಂದ ಗೀರು ಹಾಕಿದೆ. ಗೀರಿನ ತಳ ಕಾಣದಂತೆ ಆಗುವವರೆಗೆ ರಂದ ಹೊಡೆಯುವುದು, ಆಮೇಲೆ ಅಚ್ಚು ಇಟ್ಟು ಬೆಳಕಿಗೆ ಹಿಡಿದು ನೋಡುವುದು. ಅಚ್ಚಿನ ಕೆಳಗಿಂದ ಬೆಳಕು ಬಂದರೆ ಅಲ್ಲಿ ಮರ ಕಡಿಮೆ. ಎರಡೂ ಬದಿ ಒಂದೇ ಸಮ ಇರಬೇಕು, ಇಲ್ಲದಿದ್ದರೆ ದೋಣಿ ಒಂದು ಕಡೆ ಎಳೆಯುತ್ತಲೇ ಇರುತ್ತದೆ. ನಾನು ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದೆ. ತಪ್ಪು. ಆ ಒಂದು ಬದಿ ಮುಗಿಸುವ ಹೊತ್ತಿಗೆ ಅಲಗು 4 ಮಿ.ಮೀ. ಬಾಗಿತ್ತು. ಇನ್ನೊಂದು ಬದಿ ಕೆತ್ತಿದ ಮೇಲೆ ಹೆಚ್ಚು ಕಡಿಮೆ ನೇರವಾಯಿತು. ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ಅಂತ ತಿರುಗಿಸುತ್ತಾ ಕೆತ್ತಬೇಕು.

ಹಿಂದಿನ ಅಂಚನ್ನು ಚಾಕುವಿನ ಹಾಗೆ ಚೂಪು ಮಾಡಲಿಲ್ಲ. 2 ಮಿ.ಮೀ. ದಪ್ಪ ಬಿಟ್ಟು ಮೂಲೆಗಳನ್ನು ಚೌಕವಾಗೇ ಇಟ್ಟೆ. ಅಂಚು ಗುಂಡಗಾದರೆ ವೇಗದಲ್ಲಿ ಅಲಗು ಗುಂಯ್ ಅಂತ ನಡುಗುತ್ತದೆ.

ಏಪ್ರಿಲ್ 6: ಹೊಗೆ

ಅಲಗಿನ ಮೇಲೆ ಗ್ಲಾಸ್ ಬಟ್ಟೆ ಹೊದಿಸುವ ದಿನ. 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಬಟ್ಟೆ 3 ಮೀಟರ್, ₹540. ಎಪಾಕ್ಸಿ ಒಂದೂವರೆ ಕಿಲೋ, ಹಾರ್ಡನರ್ ಸೇರಿ ₹1,650.

ಮಧ್ಯಾಹ್ನ ಎರಡು ಗಂಟೆ. ನಮ್ಮ ಕಡೆ ಏಪ್ರಿಲ್ ಬಿಸಿಲು ಹೇಳಬೇಕಿಲ್ಲ ಅಲ್ವಾ. ಒಂದೇ ಸಲ ಮುಗಿಸೋಣ ಅಂತ ಸ್ನಾನದ ಪ್ಲಾಸ್ಟಿಕ್ ಚಂಬಿನಲ್ಲಿ ಅರ್ಧ ಕಿಲೋ ಕಲಸಿದೆ. ಮೊದಲ ಬದಿಗೆ ಬಟ್ಟೆ ಹಾಸಿ ಕಾಲು ಭಾಗ ಹಚ್ಚಿದ್ದೆ. ಬ್ರಷ್ ಅದ್ದಲು ಹೋದರೆ ಚಂಬು ಕೈಗೆ ಸುಡುತ್ತಿತ್ತು. ನೋಡ ನೋಡುತ್ತಿದ್ದಂತೆ ಹಳದಿ ಆಯಿತು, ಹೊಗೆ ಬಂತು, ಬ್ರಷ್ ಒಳಗೇ ಸಿಕ್ಕಿಕೊಂಡಿತು. ಚಂಬಿನ ತಳ ಕರಗಿ ಸೊಟ್ಟಗಾಯಿತು. ಅದನ್ನು ಅಂಗಳಕ್ಕೆ ಎಸೆದು ನೀರು ಸುರಿದೆವು. ಆ ಹೊಗೆ ಉಸಿರಿಗೆ ಒಳ್ಳೆಯದಲ್ಲ, ಹುಡುಗನನ್ನು ಹೊರಗೆ ಕಳಿಸಿದೆ.

ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಆಳದ ಪಾತ್ರೆಯಲ್ಲಿ ಜಾಸ್ತಿ ಇದ್ದರೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಬಿಸಿಯಾದಷ್ಟೂ ಬೇಗ ಗಟ್ಟಿ, ಗಟ್ಟಿಯಾದಷ್ಟೂ ಇನ್ನೂ ಬಿಸಿ. ಮುಂದಿನ ಭಾನುವಾರ ಬೆಳಿಗ್ಗೆ ಐದೂವರೆಗೆ ಶುರು ಮಾಡಿದೆ. ಒಂದು ಸಲಕ್ಕೆ 100 ಗ್ರಾಂ ಮಾತ್ರ. ಊಟದ ತಟ್ಟೆಯಂಥ ಅಗಲ ಪಾತ್ರೆ, ಅದರ ಕೆಳಗೆ ಒದ್ದೆ ಗೋಣಿಚೀಲ. ಎರಡೂ ಬದಿ ಏಳೂವರೆಗೆ ಮುಗಿದವು, ಒಂದು ಗುಳ್ಳೆಯೂ ಇಲ್ಲ. ಅರ್ಧಕ್ಕೆ ನಿಂತ ಮೊದಲ ಪದರನ್ನು ಉಜ್ಜಿ ತೆಗೆಯಲು ಮಾತ್ರ ಮೂರು ಸಂಜೆ ಬೇಕಾಯಿತು. ಪಾಲಿಶ್ ಪೇಪರ್, ಅಸಿಟೋನ್, ಬ್ರಷ್, ಪಿಯು (ಪಾಲಿಯುರಿಥೇನ್) ಬಣ್ಣ ಎಲ್ಲ ಸೇರಿ ₹1,380.

ಮೇ: ಗೂಟ, ಬಳೆ, ತಲೆ

ಸ್ಟೇನ್‌ಲೆಸ್ ಸ್ಟೀಲ್, 304 ದರ್ಜೆಯದ್ದು ತೆಗೆದುಕೊಂಡೆ. ಸಮುದ್ರದ ಉಪ್ಪು ನೀರಿಗೆ 316 ಬೇಕು. ನಮ್ಮದು ಸಿಹಿನೀರು, 304 ಸಾಕು. 40×5 ಪಟ್ಟಿ, ಬಾಗಿಸುವುದು, ಆರ್ಗಾನ್ ವೆಲ್ಡಿಂಗ್ ಎಲ್ಲ ಸೇರಿ ₹2,400. ಬೋಲ್ಟು, ವಾಷರು, ಸುಲಭವಾಗಿ ಸಡಿಲವಾಗದ ನೈಲಾಕ್ ನಟ್ಟು ₹480. ಅಲಗು ತಿರುಗುವ ಮುಖ್ಯ ಬೋಲ್ಟು 12 ಮಿ.ಮೀ.

ಗೂಟ ಬಳೆಯಲ್ಲಿ ಲಟಪಟ ಆಡಬಾರದು ಅಂತ ಲೇತಿನಲ್ಲಿ ನೈಲಾನ್ ಬುಷ್ (ಬಳೆಯೊಳಗೆ ಕೂರುವ ಕೊಳವೆ ತುಂಡು) ಮಾಡಿಸಿದೆ, ₹300. ಬರೀ 0.1 ಮಿ.ಮೀ. ಸಡಿಲ ಬಿಟ್ಟು ಮಾಡಿಸಿದ್ದೆ. ಕೈಯಲ್ಲಿ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಎರಡು ಕೈ ಹಾಕಿದರೂ ತಿರುಗಲಿಲ್ಲ. ನೈಲಾನ್ ನೀರು ಕುಡಿದು ಉಬ್ಬುತ್ತದೆ. ಬಕೆಟ್ಟಿನಲ್ಲಿ ಇಡದೆ ನೇರ ದೋಣಿಗೆ ಹಾಕಿದ್ದರೆ ನಡು ನೀರಿನಲ್ಲಿ ಚುಕ್ಕಾಣಿ ಹಿಡಿದುಕೊಳ್ಳುತ್ತಿತ್ತು. ಹುಬ್ಬಳ್ಳಿಯಿಂದ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ರಾಡ್ ತರಿಸಿ ಮತ್ತೆ ಮಾಡಿಸಿದೆ, ಲೇತ್ ಕೂಲಿ ಸೇರಿ ₹650. ಡೆಲ್ರಿನ್ ಹಾಗೆ ಉಬ್ಬುವುದಿಲ್ಲ.

ಕೆನ್ನೆ ಹಲಗೆಗಳ ನಡುವೆ 32 ಮಿ.ಮೀ. ಅಂತರ. ಅಲಗಿನ ಎರಡೂ ಬದಿ ಒಂದೊಂದು ತೆಳು ಪ್ಲಾಸ್ಟಿಕ್ ವಾಷರ್. ಕೆನ್ನೆಗಳ ನಡುವೆ ಮುಂಭಾಗದಲ್ಲಿ ಒಂದು ಮರದ ದಿಂಡು ಇದೆ. ಅಲಗು ಕೆಳಗೆ ಇಳಿದಾಗ ಅದರ ಮುಂದಿನ ಅಂಚು ಈ ದಿಂಡಿಗೆ ಬಂದು ತಾಗಿ ನಿಲ್ಲುತ್ತದೆ. ಈ ದಿಂಡನ್ನು ನೆನಪಿಡಿ, ಮುಂದಿನ ತೊಂದರೆಯೆಲ್ಲ ಇದರದ್ದೇ.

ಹಿಡಿಕೆಗೆ ಬಡಿಗ ಕಾಕಾ ಕರಿಜಾಲಿ ಕೊಟ್ಟರು. ರಂಟೆ (ನೇಗಿಲು), ಬಂಡಿಗೆ ಬಳಸುವ ಮರ. ಉದ್ದ 90 ಸೆಂ.ಮೀ. ಕೂಲಿ ಬೇಡ ಅಂದರು, ನಾನು ಒತ್ತಾಯ ಮಾಡಿ ₹1,000 ಕೊಟ್ಟೆ.

ಜೂನ್: ಹರಿಯಬೇಕಾದ ದಾರ

ಮರದ ಅಲಗು ನೀರಿನಲ್ಲಿ ತೇಲಲು ನೋಡುತ್ತದೆ. ಓಡುವ ನೀರು ಅದನ್ನು ಹಿಂದಕ್ಕೂ ತಳ್ಳುತ್ತದೆ. ಕೆಳಗೆ ಹಿಡಿದಿಡಲು ಒಂದು ಹಗ್ಗ ಬೇಕು. ಆದರೆ ಗೋಡೆ ತಾಗಿದಾಗ ಅದೇ ಹಗ್ಗ ಬಿಟ್ಟುಕೊಡಬೇಕು. ಬಿಡದಿದ್ದರೆ ಮತ್ತೆ ಬಳೆ ಕೀಳುತ್ತದೆ. ಹಗ್ಗ ಮತ್ತು ಅಲಗಿನ ನಡುವೆ ಒಂದು ಸಣ್ಣ ದಾರದ ಕುಣಿಕೆ ಹಾಕಿದೆ. ಕರೆಂಟಿನ ಫ್ಯೂಸ್ ಇದ್ದ ಹಾಗೆ.

ಎಷ್ಟು ಕಿಲೋಗೆ ಹರಿಯಬೇಕು? ಹಗ್ಗದ ಜಾಗದಲ್ಲಿ ಸ್ಪ್ರಿಂಗ್ ಕಾಟಾ (ತೂಕದ ತಕ್ಕಡಿ) ಕಟ್ಟಿ ಎಳೆದು ನೋಡಿ, ಓಡುವಾಗ 5 ಕಿಲೋದಷ್ಟು ಎಳೆತ ಬರಬಹುದು ಅಂತ ಅಂದಾಜು ಮಾಡಿದೆ. ಹಾಗಾಗಿ 8ರಿಂದ 10ಕ್ಕೆ ಹರಿಯುವ ದಾರ ಬೇಕು. ಗುಳೇದಗುಡ್ಡದಲ್ಲಿ ಮಗ್ಗ ಇರುವ ಪರಿಚಯದವರೊಬ್ಬರು ಹತ್ತಿ ನೂಲಿನ ಒಂದು ಲಡಿ ಕೊಟ್ಟರು. ಎಳೆ ಎಣಿಸಿ ಹೊಸೆದು, ಕಾಟಾಕ್ಕೆ ಕಟ್ಟಿ, ಎಷ್ಟಕ್ಕೆ ಹರಿಯುತ್ತದೆ ಅಂತ ಒಂದೊಂದೇ ನೋಡಿದೆ. 24 ಎಳೆ 9 ಕಿಲೋಗೆ ಹರಿಯಿತು. ಐದು ಸಲ ಮಾಡಿದರೂ ಹತ್ತಿರ ಹತ್ತಿರ ಅದೇ.

ಆಮೇಲೆ ಹುಡುಗ ಕೇಳಿದ: “ಮಾಮಾ, ಇದು ನೀರಾಗ ತೊಯ್ದಿರತೈತಲ್ರಿ? ತೊಯ್ಸಿ ನೋಡ್ರಿ.” ಅದು ನನಗೆ ಹೊಳೆದಿರಲಿಲ್ಲ. ನೆನೆಸಿ ಎಳೆದರೆ 11 ಕಿಲೋವರೆಗೆ ತಡೆಯಿತು. ಹತ್ತಿ ಒದ್ದೆಯಾದರೆ ಬಲ ಜಾಸ್ತಿ ಆಗುತ್ತದೆ. 20 ಎಳೆಗೆ ಇಳಿಸಿದೆ. ಈಗ ಒದ್ದೆಯಲ್ಲಿ 9. ಇಪ್ಪತ್ತು ಕುಣಿಕೆ ಮಾಡಿ ಒಂದು ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಟ್ಟಿದ್ದೇನೆ.

ಆಗಸ್ಟ್ 10: ಮೊದಲ ನೀರು

ಅನಗವಾಡಿ ಕಡೆಯ ದಂಡೆ, ಹಿನ್ನೀರು ತುಂಬಿತ್ತು. ಎರೆಮಣ್ಣಿನಲ್ಲಿ ಟ್ರೇಲರ್ ಚಕ್ರ ಹೂಳದಂತೆ ಎರಡು ಹಲಗೆ ಹಾಸಿ ಇಳಿಸಿದೆವು. ಅಲಗು ಮೇಲೆತ್ತಿಕೊಂಡೇ ಇಳಿಸಿ, ಮೊಣಕಾಲುದ್ದ ನೀರು ದಾಟಿದ ಮೇಲೆ ಹಗ್ಗ ಎಳೆದರೆ ಅಲಗು ಕೆಳಗೆ. ಇಷ್ಟಕ್ಕೇ ನನಗೆ ಬಹಳ ಖುಷಿ ಆಗಿತ್ತು.

ಖುಷಿ ಗಾಳಿ ಬರುವವರೆಗೆ ಮಾತ್ರ. ದೋಣಿ ವೇಗ ಹಿಡಿಯುತ್ತಿದ್ದ ಹಾಗೆ ಹಿಡಿಕೆ ಭಾರವಾಯಿತು. ಎರಡು ಕೈ ಹಾಕಿ ಎದೆಗೆ ಒತ್ತಿ ಹಿಡಿಯಬೇಕಾಯಿತು. ಹಿಡಿಕೆಯ ತುದಿಗೆ ಕಾಟಾ ಕಟ್ಟಿ ನೋಡಿದರೆ 5.5 ಕಿಲೋ. ಹಳೇ ಚಪ್ಪಟೆ ಹಲಗೆಯೇ ಇದಕ್ಕಿಂತ ಹಗುರ ಇತ್ತು.

ಇಲ್ಲಿ ನಾನು ಮಾಡಿದ್ದು ಈ ಇಡೀ ಕೆಲಸದ ದೊಡ್ಡ ತಪ್ಪು. ತೊಂದರೆ ಹಾಯಿಯಲ್ಲಿದೆ ಅಂದುಕೊಂಡೆ. ಹಾಯಿಕಂಬವನ್ನು ಸ್ವಲ್ಪ ಮುಂದಕ್ಕೆ ವಾಲಿಸಿದೆ, ಹಾಯಿ ಸಡಿಲ ಬಿಟ್ಟೆ, ಹುಡುಗನನ್ನು ಹಿಂದಕ್ಕೆ ಕೂರಿಸಿದೆ. ಅರ್ಧ ಕಿಲೋ ಕಡಿಮೆ ಆಯಿತು ಅಷ್ಟೇ. ಒಂದು ಭಾನುವಾರ, ಮರುದಿನದ ಸಂಜೆ, ಹದಿನೈದರ ರಜೆ ಎಲ್ಲ ಇದಕ್ಕೇ ಹೋಯಿತು.

ಹಿಡಿಕೆಯ ಬುಡ ಸಡಿಲ ಆಗಿದೆ ಅಂತ ಬಡಿಗ ಕಾಕಾನ ಹತ್ತಿರ ಹೋದಾಗ ಹೀಗೀಗೆ ಅಂತ ಹೇಳಿದೆ. ಅವರು ಹಿಡಿಕೆ ಕೈಯಲ್ಲಿ ಹಿಡಿದು ಅತ್ತಿತ್ತ ಆಡಿಸಿ ನೋಡಿದರು. “ಇದು ರಂಟಿ ಮೇಳಿ ಇದ್ದಂಗ ಐತಿ ತಮ್ಮಾ. ಮೇಳಿ ಭಾರ ಆತಂದ್ರ ಎತ್ತಿಂದ ತಪ್ಪಲ್ಲ. ಈಸು ಕಟ್ಟಿದ್ದು ತಪ್ಪಿರತೈತಿ. ಕೆಳಗ ಹೆಂಗ ಕುಂತೈತಿ ಅದನ್ನ ಮೊದಲ ನೋಡು.”

ಮೇಳಿ ಅಂದರೆ ರಂಟೆಯ ಹಿಡಿಕೆ, ಈಸು ಅಂದರೆ ರಂಟೆಯನ್ನು ನೊಗಕ್ಕೆ ಸೇರಿಸುವ ಉದ್ದ ಮರ. ಮನೆಗೆ ಬಂದು ಅದನ್ನೇ ಮಾಡಿದೆ. ಅಲಗು ಪೂರ್ತಿ ಇಳಿದಾಗ ಕೆನ್ನೆಯಿಂದ ಅಲಗಿನವರೆಗೆ ಒಂದೇ ನೇರಕ್ಕೆ ಬಿಳಿ ಗೆರೆ ಎಳೆದೆ. ನೀರಿನಲ್ಲಿ ವೇಗ ಬಂದಾಗ ಹುಡುಗ ಹಿಂದೆ ಬಗ್ಗಿ ನೋಡಿದ. ಅಲಗಿನ ಗೆರೆ ಕೆನ್ನೆಯ ಗೆರೆಯಿಂದ ನಾಲ್ಕು ಬೆರಳು ಹಿಂದಕ್ಕೆ ಸರಿದಿತ್ತು. ನಾನು ಹಾಕಿದ್ದು ನೈಲಾನ್ ಹಗ್ಗ. ಎಳೆತಕ್ಕೆ ಅದು ರಬ್ಬರಿನ ಹಾಗೆ ಹಿಗ್ಗುತ್ತದೆ. ಅಲಗು ಹಿಂದಕ್ಕೆ ವಾಲಿದಷ್ಟೂ ಗೂಟದ ಗೆರೆಯಿಂದ (ಎರಡು ಗೂಟಗಳನ್ನು ಕೂಡಿಸುವ ಗೆರೆ) ದೂರ ಹೋಗುತ್ತದೆ, ದೂರ ಹೋದಷ್ಟೂ ಹಿಡಿಕೆ ಭಾರ.

ಪಾಲಿಯೆಸ್ಟರ್ ಹಗ್ಗ 6 ಮಿ.ಮೀ., ರಾಟೆ, ಹಗ್ಗ ಕಚ್ಚಿ ಹಿಡಿಯುವ ಕ್ಲೀಟು ಎಲ್ಲ ಸೇರಿ ಹಗ್ಗದ ಲೆಕ್ಕ ₹1,150 ಆಯಿತು. 5.5 ಇದ್ದದ್ದು 4 ಕಿಲೋಗೆ ಇಳಿಯಿತು. ಇನ್ನೂ ಭಾರವೇ.

ಆಗಸ್ಟ್ 24: ಜಾಸ್ತಿ ಕೆತ್ತಿದ್ದು

ಈಗ ಪಟ್ಟಿ ಹಿಡಿದು ಅಳೆದೆ. ಎರಡು ಗೂಟಗಳ ನಡುವಿನ ಗೆರೆಯನ್ನು ಕೆಳಕ್ಕೆ ಚಾಚಿದರೆ ನನ್ನ ಅಲಗಿನ ಮುಂದಿನ ಅಂಚು ಅದಕ್ಕಿಂತ 45 ಮಿ.ಮೀ. ಹಿಂದಿತ್ತು. ಅಂದರೆ ಇಡೀ ಅಲಗು ಗೂಟದ ಗೆರೆಯ ಹಿಂದೆಯೇ ಇದೆ. ಸ್ವಲ್ಪ ಭಾಗ ಗೆರೆಯ ಮುಂದೆ ಬಂದರೆ ಅಲ್ಲಿ ಬೀಳುವ ನೀರಿನ ಒತ್ತಡ ಹಿಂದಿನದಕ್ಕೆ ಎದುರು ನಿಂತು ಕೈಯ ಭಾರ ಇಳಿಸುತ್ತದೆ. ಅದಕ್ಕೆ ಅಲಗಿನ ತುದಿಯನ್ನು ಮುಂದಕ್ಕೆ ವಾಲಿಸಬೇಕು. ವಾಲಲು ಬಿಡದೆ ತಡೆಯುತ್ತಿದ್ದದ್ದು ಕೆನ್ನೆ ನಡುವಿನ ಆ ಮರದ ದಿಂಡು.

ಉಳಿ ತೆಗೆದುಕೊಂಡು ದಿಂಡಿನ ಕೆಳಗಿನ ತುದಿಯಲ್ಲಿ 29 ಮಿ.ಮೀ., ಮೇಲಕ್ಕೆ ಹೋದಂತೆ ಸೊನ್ನೆ ಆಗುವ ಹಾಗೆ ಓರೆಯಾಗಿ ಕೆತ್ತಿದೆ. ಈಗ ಅಲಗಿನ ಅಗಲದ ಕಾಲು ಭಾಗ ಗೆರೆಯ ಮುಂದೆ ಬಂತು. ಹಿಡಿಕೆ ಗಾಳಿಯಷ್ಟು ಹಗುರ. ಕಾಟಾದಲ್ಲಿ ಸೊನ್ನೆ.

ಆದರೆ ಅದು ಹಗುರ ಅಲ್ಲ, ಅಪಾಯ. ಕೈಗೆ ಏನೂ ತಿಳಿಯದು. ಸ್ವಲ್ಪ ತಿರುಗಿಸಿದರೆ ಚುಕ್ಕಾಣಿ ತಾನೇ ಆ ಕಡೆಗೆ ಜಗ್ಗಿಕೊಂಡು ಪೂರ್ತಿ ತಿರುಗಲು ನೋಡುತ್ತಿತ್ತು. ಒಂದು ಸಲ ಹಿಡಿಕೆ ಕೈ ತಪ್ಪಿತು, ದೋಣಿ ಗಕ್ಕನೆ ತಿರುಗಿ ಹಾಯಿಯ ಅಡ್ಡಗೋಲು ತಲೆಯ ಮೇಲಿಂದ ಬೀಸಿ ಹೋಯಿತು. ಹುಡುಗ ಬಗ್ಗಿದ್ದರಿಂದ ಬಚಾವಾದ. ಅವತ್ತು ಅಲ್ಲಿಗೇ ನಿಲ್ಲಿಸಿ ವಾಪಸ್ ಬಂದೆವು.

ಸೆಪ್ಟೆಂಬರ್ 21: ಕೂಡಿ ಬಂದದ್ದು

ಕೆತ್ತಿದ ಜಾಗಕ್ಕೆ 7 ಮಿ.ಮೀ. ದಪ್ಪದ ಸಾಗವಾನಿ ಚಕ್ಕೆ ಅಂಟಿಸಿದೆ. ಈಗ ನೀರೊಳಗಿನ ಭಾಗದ ನಡುವಿನಲ್ಲಿ ಅಲಗಿನ ಮುಂದಿನ ಅಂಚು ಗೂಟದ ಗೆರೆಗಿಂತ 35 ಮಿ.ಮೀ. ಮುಂದೆ ನಿಲ್ಲುತ್ತದೆ. 250ರಲ್ಲಿ 35, ಅಂದರೆ 100ಕ್ಕೆ 14. ಕಾಟಾದಲ್ಲಿ ಒಂದೂವರೆಯಿಂದ ಎರಡು ಕಿಲೋ. ಕೈ ಬಿಟ್ಟರೆ ಚುಕ್ಕಾಣಿ ತಾನಾಗಿ ನಡುವಿಗೆ ಬರುತ್ತದೆ. ಎರಡು ಬೆರಳಲ್ಲಿ ಹಿಡಿಯಬಹುದು, ಗಾಳಿ ಜೋರಾದರೆ ಕೈಗೆ ಗೊತ್ತೂ ಆಗುತ್ತದೆ.

ಇಂಥ ಚುಕ್ಕಾಣಿ ಮಾಡುವವರು ಮೊದಲೇ ದಿಂಡನ್ನು ಬಿಗಿಯಾಗಿ ಅಂಟಿಸಬೇಡಿ. ಸ್ಕ್ರೂ ಹಾಕಿ ಕೂರಿಸಿ, ತೆಳು ಚಕ್ಕೆಗಳನ್ನು ಇಟ್ಟು ತೆಗೆದು ನೋಡಿ, ನೀರಿನಲ್ಲಿ ಸರಿ ಬಂದ ಮೇಲೆ ಅಂಟಿಸಿ. ಅಲಗು ಅರ್ಧ ಎತ್ತಿಕೊಂಡು ತೆಳು ನೀರಿನಲ್ಲಿ ಹೋಗುವಾಗ ಹಿಡಿಕೆ ಭಾರ ಇರುವುದು ಸಹಜ. ಆಗ ಹಾಯಿ ಸಡಿಲ ಬಿಟ್ಟು ನಿಧಾನ ಹೋಗಬೇಕು. ಜೋರಾಗಿ ತಿರುಗಿಸಿದರೆ ಕೆನ್ನೆ ಹಲಗೆ ಸೀಳುತ್ತದೆ.

ಇನ್ನೊಂದು ಸಣ್ಣ ಸಂಗತಿ. ಗೂಟದ ತುದಿಗೆ ಅಡ್ಡ ಪಿನ್ ಹಾಕಲು ತೂತು ಬಿಡಿ. ಅಲಗು ನೆಲಕ್ಕೆ ಕುಟ್ಟಿದರೆ ಇಡೀ ಚುಕ್ಕಾಣಿ ಬಳೆಯಿಂದ ಮೇಲಕ್ಕೆ ಹಾರಿ ಕಳಚಿಕೊಳ್ಳುತ್ತದೆ. ದಂಡೆಯ ಹತ್ತಿರ ನನಗೆ ಒಮ್ಮೆ ಹಾಗಾಯಿತು. ರಸ್ತೆಯಲ್ಲಿ ಹೋಗುವಾಗ ಮಾತ್ರ ಚುಕ್ಕಾಣಿ ಪೂರ್ತಿ ಬಿಚ್ಚಿ ಗಾಡಿಯೊಳಗೆ ಹಾಸಿಗೆಯಲ್ಲಿ ಸುತ್ತಿ ಇಡುತ್ತೇನೆ. ಗುಂಡಿಯಲ್ಲಿ ಟ್ರೇಲರ್ ಕುಣಿದಾಗ ಆ ತೂಕವೆಲ್ಲ ಬಳೆಯ ಮೇಲೆ ಬೀಳುತ್ತದೆ.

ಒಟ್ಟು ಖರ್ಚು ₹10,800. ಇದರಲ್ಲಿ ಹಾಳಾದ ಎಪಾಕ್ಸಿ, ನೈಲಾನ್ ಬುಷ್, ಹಿಗ್ಗುವ ಹಗ್ಗ ಎಲ್ಲ ಸೇರಿದೆ. ತೊಲೆಗೆ ದುಡ್ಡು ಕೊಟ್ಟಿಲ್ಲ.

ನವೆಂಬರ್ 16

ಪಟ್ಟೆತಲೆ ಹೆಬ್ಬಾತುಗಳು ಬಂದಿವೆಯಾ ಅಂತ ದೂರದಿಂದ ನೋಡಲು ಹೋಗಿದ್ದೆವು. ನೀರು ಇಳಿಯಲು ಶುರುವಾಗಿದೆ. ವಾಪಸ್ ಬರುವಾಗ ದಂಡೆಗೆ ಹತ್ತಿರ ಕೆಳಗೆ ‘ಟಕ್’ ಅಂತ ಸದ್ದಾಯಿತು. ದೋಣಿ ನಡುಗಲಿಲ್ಲ. ಹಿಡಿಕೆ ಕೈಯಲ್ಲೇ ಇತ್ತು, ಥಟ್ಟನೆ ಭಾರ ಮಾತ್ರ ಆಯಿತು. ಹಿಂದೆ ತಿರುಗಿ ನೋಡಿದರೆ ಅಲಗು ಮೇಲೆದ್ದು ನೀರಿನ ಮೇಲೆ ಮಲಗಿತ್ತು, ಹರಿದ ಹತ್ತಿ ದಾರದ ತುದಿ ಹಗ್ಗದಲ್ಲಿ ತೂಗಾಡುತ್ತಿತ್ತು. ನೀರೊಳಗೆ ಜಾಲಿ ಬುಡ.

ಹಾಯಿ ಸಡಿಲ ಬಿಟ್ಟೆ. ಹುಡುಗ ಡಬ್ಬಿ ತೆಗೆದು ಹೊಸ ಕುಣಿಕೆ ಹಾಕಿದ, ಎರಡು ನಿಮಿಷ ಹಿಡಿಯಲಿಲ್ಲ. ಹಗ್ಗ ಎಳೆದ, ಅಲಗು ಇಳಿಯಿತು, ಹೊರಟೆವು. ಮನೆಗೆ ಬಂದು ನೋಡಿದರೆ ಅಲಗಿನ ಮುಂದಿನ ಅಂಚಿನಲ್ಲಿ ಉಗುರಿನಷ್ಟು ಬಣ್ಣ ಹೋಗಿ ಸಾಗವಾನಿ ಕಾಣುತ್ತಿತ್ತು. ಒಣಗಲು ಬಿಟ್ಟಿದ್ದೇನೆ, ಭಾನುವಾರ ಬೆಳಿಗ್ಗೆ ಎಪಾಕ್ಸಿ ಹಚ್ಚಬೇಕು. ಡಬ್ಬಿಯಲ್ಲಿ ಇನ್ನೂ 19 ಕುಣಿಕೆ ಇವೆ.